ಗುಂಡಿ ಒತ್ತಿ ಮ್ಯಾಲ ಬರ್ರಿ

(ವಾಡಿ ಜಂಕ್ಷನ್ ಎದುರಿನ ಚಹಾದಂಗಡಿ. ಶಹಾಬಾದಿನ ಫರ್ಸಿ ವ್ಯಾಪಾರಿ ಕಾಕಾ. ಸೇಡಂನ ಮೊಬೈಲ್ ಅಂಗಡಿ ಹುಡುಗ.)

ಹುಡುಗ: ಕಾಕಾ, ಗೂಗಲ್‌ದಾಗ ಹುಡುಕಿದ್ರ ನಿಮ್ಮ ಅಂಗಡಿ ಭಾಳ ತಳಗ ಅದ ರೀ.

ಕಾಕಾ: ಫರ್ಸಿ ತಳಗೇ ಇರ್ಬೇಕಲ್ಲೋ ತಮ್ಮಾ, ತಲಿ ಮ್ಯಾಲ ಹಾಸ್ತಾರೇನು?

ಹುಡುಗ: ಮ್ಯಾಲ ಬರ್ಲಾಕ ಗುಂಡಿ ಒತ್ತಸ್ಬೇಕ್ರೀ.

ಕಾಕಾ: ಖಣಿ ತೋಡಿ ತೋಡಿ ನಮ್ಮಲ್ಲಿ ಗುಂಡಿಗೇನು ಬರಗಾಲಿಲ್ಲ. ಬಿದ್ದಾಂವ ಮಾತ್ರ ಮ್ಯಾಲ ಬಂದಿಲ್ಲ.

ಹುಡುಗ: ಮೆಚ್ಚಿದ್ದಕ್ಕ ಒತ್ತೋ ಗುಂಡಿ ರೀ! 2011ರಾಗ ಗೂಗಲ್‌ನೋರು ‘ಪ್ಲಸ್ ಒನ್’ ತಂದಿದ್ರು. ನಿಮ್ಮ ಬೀಗರು ಒತ್ತಿದ್ರ, ನೀವು ಹುಡುಕಿದಾಗ ಅವರ ಹೆಸರೂ ಕಾಣ್ತಿತ್ತು.

ಕಾಕಾ: ಬೀಗರ ಶಿಫಾರಸು! ಅದನ್ನ ನಾವು ಗೂಗಲ್‌ಗಿಂತ ಮೊದಲೇ ಕಂಡುಹಿಡಿದೀವಿ. ಈಗೆಲ್ಲದ ಆ ಗುಂಡಿ?

ಹುಡುಗ: 2019ರಾಗ ಆ ಗುಂಡಿ ಇದ್ದ ಗೂಗಲ್ ಪ್ಲಸ್ ಜಾಲತಾಣಾನೇ ಮುಚ್ಚಿದ್ರು.

ಕಾಕಾ: ಭಲೇ! ನಮ್ಮ ಖಣಿ ಗುಂಡಿ ಇನ್ನೂ ಯಾರೂ ಮುಚ್ಚಿಲ್ಲ.

ಹುಡುಗ: ಈಗ ಹೆಬ್ಬೆಟ್ಟು, ಚುಕ್ಕಿ ಜಮಾನಾ. ರೊಕ್ಕ ಕೊಡ್ರಿ, ಸಾವಿರ ಹೆಬ್ಬೆಟ್ಟು ತರಸ್ತೀನಿ.

ಕಾಕಾ: ನಮ್ಮಪ್ಪ ಒಂದೇ ಹೆಬ್ಬೆಟ್ಟೊತ್ತಿ ತೊಗರಿ ಹೊಲ ಕಳಕೊಂಡ. ಸಾವಿರ ಒತ್ತಿದ್ರ ಚಿಂಚೋಳಿ ಅಡವಿನೂ ಉಳಿಯಂಗಿಲ್ಲ! ಒತ್ತೋರು ನನ್ನ ಕಲ್ಲು ನೋಡ್ಯಾರೇನು?

ಹುಡುಗ: ನೋಡೂದ್ಯಾಕ್ರೀ? ಚಿತ್ತಾಪುರದ ಹೊಸ ಖಾನಾವಳಿಗೆ ಐನೂರು ಮಂದಿ ಐದೈದು ಚುಕ್ಕಿ ಕೊಟ್ಟಾರ.

ಕಾಕಾ: ಅದಿನ್ನೂ ಬಾಗಿಲೇ ತೆಗೆದಿಲ್ಲಲ್ಲೋ!

ಹುಡುಗ: ಅದಕ್ಕೇ ರೀ, ಒಬ್ಬರದೂ ತಕರಾರಿಲ್ಲ.

ಕಾಕಾ: ಹಂಗಾದ್ರ ನನಗೂ ಬರಸಪಾ: ‘ಶಹಾಬಾದ್ ಕಲ್ಲು ಭಾಳ ಮೆತ್ತಗದ, ಬಾಯಾಗ ಇಟ್ರ ಕರಗ್ತದ!’