ಫ್ರೆಂಚ್ ವಿದ್ಯೆಯ ಡಂಬಳ ಮೂಲ: ಒಂದು ಮಹಾಪ್ರಬಂಧದ ಸಾರಲೇಖ

ಪೀಠಿಕೆ

ಫ್ರೆಂಚ್ ಭಾಷೆ, ಅದರ ಭಾಷಾವಿಜ್ಞಾನ, ಅದರ ಸಾಹಿತ್ಯ ಈ ಮೂರನ್ನು ವಿಶ್ವವಿದ್ಯಾಲಯದಲ್ಲಿ ಏಕೆ ಓದಬೇಕು ಎಂಬ ಪ್ರಶ್ನೆಗೆ ಪ್ಯಾರಿಸ್ಸಿನ ಪಂಡಿತರು ನಾನಾ ಉತ್ತರ ಕೊಟ್ಟಿದ್ದಾರೆ. ಆ ಉತ್ತರಗಳಲ್ಲಿ ಗದಗ ಜಿಲ್ಲೆ ಮುಂಡರಗಿ ತಾಲ್ಲೂಕಿನ ಡಂಬಳದ ಹೆಸರು ಬಾರದಿರುವುದು ಅಜ್ಞಾನವೋ, ಹೊಟ್ಟೆಕಿಚ್ಚೋ ಎಂಬುದರ ವಿಚಾರಣೆಯೇ ಈ ಮಹಾಪ್ರಬಂಧದ ಗುರಿ. ಸಿದ್ಧಾಂತವನ್ನು ಮೊದಲೇ ಹೇಳಿಬಿಡುತ್ತೇವೆ. ಸಿದ್ಧಾಂತ ಮೊದಲು, ಸಾಕ್ಷ್ಯ ಆಮೇಲೆ ಎಂಬುದು ಅನುಭವಿ ಸಂಶೋಧಕರೆಲ್ಲ ಒಪ್ಪಿದ ಕ್ರಮ. ಸಿದ್ಧಾಂತ ಇಷ್ಟೇ: ಫ್ರೆಂಚ್ ವಿದ್ಯೆಯ ಮೂಲಸ್ಥಾನ ಡಂಬಳ, ಅದು ಕಾಲಾಂತರದಲ್ಲಿ ಪ್ಯಾರಿಸ್ಸಿಗೆ ಗುಳೆ ಹೋಯಿತು. ಆದಕಾರಣ ಡಂಬಳದವರು ಫ್ರೆಂಚ್ ಓದುವುದಕ್ಕೆ ಕಲಿಕೆ ಎನ್ನಬಾರದು, ವಸೂಲಿ ಎನ್ನಬೇಕು.

ಪೂರ್ವಪಕ್ಷ

ಸಿದ್ಧಾಂತಕ್ಕೆ ಮೊದಲ ಆಕ್ಷೇಪ ಬಂದದ್ದು ಚಾದಂಗಡಿಯ ಬಾಕಿನ ಮೇಲಿಂದ. ಹಿರಿಯರೊಬ್ಬರು, “ಅಲ್ಲಪಾ ತಮ್ಮಾ, ನಮ್ಮ ಹುಡುಗ್ರಿಗೆ ಇಂಗ್ಲೀಷs ಬರವಲ್ದು, ನೀ ಎಲ್ಲಿಂದ ಫ್ರೆಂಚ್ ಹೊತ್ಕೊಂಡು ಬಂದಿ?” ಎಂದರು. ಚಾದ ರೊಕ್ಕ ಅವರೇ ಕೊಟ್ಟದ್ದರಿಂದ ಈ ಪೂರ್ವಪಕ್ಷವನ್ನು ಖಂಡಿಸದೆ, ಗೌರವಪೂರ್ವಕವಾಗಿ ದಾಖಲಿಸಿಕೊಂಡು ಮುಂದೆ ಹೋಗಿದ್ದೇವೆ.

ಪ್ರಮಾಣ 1: ಗಣಿತ

ಡಂಬಳದ ದೊಡ್ಡಬಸಪ್ಪ ದೇವಸ್ಥಾನ 12ನೆಯ ಶತಮಾನದ್ದು, ಕಲ್ಯಾಣದ ಚಾಲುಕ್ಯರ ಶೈಲಿಯದು. ಅದರ ಗರ್ಭಗುಡಿಯ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ನಡುವೆ ಎಲ್ಲಿಯೂ ತುಂಡಾಗದೆ ಸುತ್ತಿಬರುವ ಇಂಥ ನಕ್ಷತ್ರ ಆ ಕಾಲದ ಗುಡಿಗಳಲ್ಲಿ ಬಲು ಅಪರೂಪ. ಇದೇ ಊರಿನ 1095ರ ಶಾಸನ ಬೌದ್ಧರ ತಾರಾದೇವಿಯನ್ನು ಸ್ತುತಿಸಿ, ಇಲ್ಲಿಯ 16 ಜನ ಸೆಟ್ಟರು ಕಟ್ಟಿಸಿದ ವಿಹಾರವನ್ನು ಹೇಳುತ್ತದೆ. ಈಗ 24 ಮೂಲೆಗಳಿಗೆ 16 ಸೆಟ್ಟರನ್ನು ಕೂಡಿಸಿರಿ. ಮೊತ್ತ 40.

ಫ್ರಾನ್ಸಿನಲ್ಲಿ ಕಾರ್ಡಿನಲ್ ರಿಶಲಿಯ 1635ರಲ್ಲಿ ಸ್ಥಾಪಿಸಿದ ಫ್ರೆಂಚ್ ಅಕಾಡೆಮಿಯ ಸದಸ್ಯರೆಷ್ಟು? ಸರಿಯಾಗಿ 40. ಅವರಿಗೆ ‘ಅಮರರು’ ಎಂದು ಬಿರುದು. ಲೆಕ್ಕದಲ್ಲಿ ಡಂಬಳ ಪ್ಯಾರಿಸ್ಸಿಗಿಂತ ಐದು ಶತಮಾನ ಮುಂದಿದೆ ಎಂಬುದು ಇದರಿಂದ ಸಿದ್ಧ. ಗುಡಿಯ ಮೂಲೆಗಳಿಗೆ ಸೆಟ್ಟರನ್ನೇಕೆ ಕೂಡಿಸಬೇಕು ಎಂದು ಕೇಳುವವರಿದ್ದಾರೆ. ಕೂಡಿಸದಿದ್ದರೆ 40 ಬರುವುದಿಲ್ಲ. ಇದಕ್ಕಿಂತ ಬಲವಾದ ಕಾರಣ ಸಂಶೋಧನೆಗೆ ಬೇಕಿಲ್ಲ.

ಅಮರರ ಕೆಲಸವೆಂದರೆ ನಿಘಂಟು ರಚನೆ. ಮೊದಲನೆಯ ಆವೃತ್ತಿ ಹೊರಬಂದದ್ದು 1694ರಲ್ಲಿ. ಒಂಬತ್ತನೆಯದು ಮುಗಿದದ್ದು 2024ರಲ್ಲಿ. ಈ ನಡಿಗೆಗೆ ಮರ್ತ್ಯರು ಸಾಲುವುದಿಲ್ಲ ಎಂದು ರಿಶಲಿಯನಿಗೆ ಮೊದಲೇ ಗೊತ್ತಿದ್ದಿರಬೇಕು.

ಪ್ರಮಾಣ 2: ರೈಲ್ವೆ

ಪುದುಚೇರಿ 1954ರವರೆಗೆ ಫ್ರೆಂಚರ ಕೈಯಲ್ಲಿತ್ತು. ಅವರು ಹೋದ ಮರುವರ್ಷವೇ, 1955ರಲ್ಲಿ, ಅಲ್ಲಿ ಫ್ರೆಂಚ್ ಸಂಸ್ಥೆ ಆರಂಭವಾಗಿ ಇಂದಿಗೂ ನಮ್ಮ ಓಲೆಗರಿ, ಶಾಸ್ತ್ರಗ್ರಂಥಗಳ ಕೆಲಸ ನಡೆಸುತ್ತಿದೆ. ಆ ಪುದುಚೇರಿಯಿಂದ ಹೊರಟು ಬೆಂಗಳೂರು ಹಾಯ್ದು ಹುಬ್ಬಳ್ಳಿ, ಧಾರವಾಡ ಮುಟ್ಟಿ ದಾದರಿಗೆ ಹೋಗುವ ರೈಲಿನ ಹೆಸರು ಚಾಲುಕ್ಯ ಎಕ್ಸ್‌ಪ್ರೆಸ್. ಫ್ರೆಂಚ್ ಊರಿನ ರೈಲಿಗೆ ಡಂಬಳದ ಗುಡಿ ಕಟ್ಟಿದ ಕಾಲದ ಅರಸರ ಹೆಸರನ್ನು ರೈಲ್ವೆ ಇಲಾಖೆ ಸುಮ್ಮನೆ ಇಟ್ಟೀತೇ? ಇಲಾಖೆಗೆ ಏನೋ ಗೊತ್ತಿದೆ. ವೇಳಾಪಟ್ಟಿಯಲ್ಲಿ ಬರೆದಿಲ್ಲ, ಅಷ್ಟೇ.

ಪ್ರಮಾಣ 3: ಕಥೆ

ಫ್ರೆಂಚ್ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುವುದು ಲಾ ಫಾಂತೇನನ ಪ್ರಾಣಿಕಥೆಗಳನ್ನು. ಅವನು 1678ರಲ್ಲಿ ಎರಡನೆಯ ಸಂಕಲನ ತಂದಾಗ, ಇದರಲ್ಲಿ ಬಹುಭಾಗಕ್ಕೆ ತಾನು ಪಿಲ್ಪೇ ಎಂಬ ಭಾರತದ ಜ್ಞಾನಿಗೆ ಋಣಿ ಎಂದು ಒಪ್ಪಿಕೊಂಡಿದ್ದಾನೆ. ಪಂಚತಂತ್ರವು ಪಹ್ಲವಿ, ಅರಬ್ಬಿ, ಪಾರಸಿ ಎಂದು ಊರೂರು ತಿರುಗಿ, ಪಿಲ್ಪೇಯ ಹೆಸರಿನಲ್ಲಿ ಅವನ ಕೈಸೇರಿತ್ತು. ಕನ್ನಡದಲ್ಲಿ ಪಂಚತಂತ್ರ ಬರೆದ ದುರ್ಗಸಿಂಹನಾದರೋ 11ನೆಯ ಶತಮಾನದವನು. ಅವನ ಊರಾದ ಸಯ್ಯಡಿ ಇಂದಿನ ರೋಣ ತಾಲ್ಲೂಕಿನ ಸವಡಿ, ಅಂದರೆ ಗದಗ ಜಿಲ್ಲೆ. ದುರ್ಗಸಿಂಹ ಹಿಡಿದದ್ದು ವಸುಭಾಗನ ಪರಂಪರೆಯನ್ನು, ಲಾ ಫಾಂತೇನನಿಗೆ ತಲುಪಿದ್ದು ಬೇರೊಂದು ಕವಲು ಎಂದು ಕೆಲವರು ತಕರಾರು ತೆಗೆಯುತ್ತಾರೆ. ತಕರಾರು ಸತ್ಯವಾಗಿರುವುದರಿಂದ ಅದನ್ನು ಅನುಬಂಧಕ್ಕೆ ತಳ್ಳಿದ್ದೇವೆ.

ಆದರೆ ಅಬೆ ದ್ಯೂಬ್ವಾನನ್ನು ಅನುಬಂಧಕ್ಕೆ ತಳ್ಳಲಾಗದು. ಈ ಫ್ರೆಂಚ್ ಪಾದ್ರಿ ಮೈಸೂರು ಸೀಮೆಯಲ್ಲಿ ವರ್ಷಗಟ್ಟಲೆ ನೆಲೆಸಿ, ನಮ್ಮಂತೆಯೇ ಉಟ್ಟು ಉಂಡು, ‘ದೊಡ್ಡ ಸ್ವಾಮಿಯವರು’ ಎನಿಸಿಕೊಂಡು, 1823ರಲ್ಲಿ ಊರಿಗೆ ಮರಳಿದ. 1826ರಲ್ಲಿ ಪಂಚತಂತ್ರವನ್ನು ಫ್ರೆಂಚಿಗೆ ತಂದ. ಅದಕ್ಕೆ ಅವನು ಮುಂದಿಟ್ಟುಕೊಂಡ ಪ್ರತಿಗಳು ಮೂರು: ತಮಿಳಿನದು, ತೆಲುಗಿನದು, ಕನ್ನಡದ್ದು. ಕನ್ನಡ ಓದಿ ಫ್ರೆಂಚಿನಲ್ಲಿ ಬರೆದವನೊಬ್ಬ ಹೀಗೆ 200 ವರ್ಷಗಳ ಹಿಂದೆಯೇ ಸಿಗುತ್ತಾನೆ. ಫ್ರೆಂಚ್ ಓದಿ ಕನ್ನಡದಲ್ಲಿ ಬರೆಯುವವರನ್ನು ಇನ್ನೂ ಹುಡುಕಬೇಕಾಗಿದೆ. ಈ ವಾಕ್ಯ ಪ್ರಬಂಧದ ಗಾಂಭೀರ್ಯಕ್ಕೆ ಹೊಂದುವುದಿಲ್ಲವೆಂದು ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಗೀಟು ಹಾಕಿದ್ದರು. ಗೀಟಿನ ಸಮೇತ ಉಳಿಸಿಕೊಂಡಿದ್ದೇವೆ.

ಅಧ್ಯಾಯ 1: ಧ್ವನಿ, ಸಂಧಿ, ಲಿಂಗ

ಭಾಷಾವಿಜ್ಞಾನಕ್ಕೆ ಕ್ಷೇತ್ರಕಾರ್ಯ ಕಡ್ಡಾಯವಾದ್ದರಿಂದ ಮತ್ತೆ ಚಾದಂಗಡಿಗೆ ಹೋದೆವು. ಫ್ರೆಂಚಿನಲ್ಲಿ ‘ನೀರುಗಳು’ ಎನ್ನಲು ಇ, ಎ, ಯು, ಎಕ್ಸ್ ಎಂದು ನಾಲ್ಕಕ್ಷರ ಬರೆದು ಬರೀ ‘ಓ’ ಎನ್ನುತ್ತಾರೆಂದು ವಿವರಿಸಿದೆವು. ಹಿರಿಯರಿಗೆ ಆಶ್ಚರ್ಯವಾಗಲಿಲ್ಲ. “ಹಾಜರಿ ಪುಸ್ತಕದಾಗ ನಾಕು ಮಂದಿ, ಕೆಲಸಕ್ಕ ಒಬ್ಬಾಂವ. ಅದರಾಗೇನೈತಿ?” ಎಂದರು. ಫ್ರೆಂಚ್ ವರ್ಣವಿನ್ಯಾಸದ ಬಗ್ಗೆ ಇಷ್ಟು ಅಡಕವಾದ ವಿವರಣೆಯನ್ನು ನಾವು ಬೇರೆಲ್ಲೂ ಕೇಳಿಲ್ಲ.

ಸಂಖ್ಯೆಗಳ ವಿಷಯದಲ್ಲಿ ಸಾಕ್ಷ್ಯ ಇನ್ನೂ ಪ್ರಬಲ. ಫ್ರೆಂಚರಿಗೆ 80 ಎಂದರೆ ‘ನಾಲ್ಕು ಇಪ್ಪತ್ತು’, 99 ಎಂದರೆ ‘ನಾಲ್ಕು ಇಪ್ಪತ್ತು, ಹತ್ತು, ಒಂಬತ್ತು’. ವಿಶ್ವವಿದ್ಯಾಲಯದ ಮೊದಲ ಸೆಮಿಸ್ಟರಿನ ಮಕ್ಕಳು ಇಲ್ಲಿ ಬೆವರುತ್ತಾರೆ. ಆಡು ಕಾಯುವ ಅಜ್ಜಿಯೊಬ್ಬರು ಬೆವರಲಿಲ್ಲ. “ಇಪ್ಪತ್ತರ ಮ್ಯಾಲೆ ನನಗೂ ಲೆಕ್ಕ ಬರಂಗಿಲ್ಲಪಾ. ಒಂದಿಪ್ಪತ್ತು, ಎರಡಿಪ್ಪತ್ತು ಅಂತನs ಎಣಸ್ತೇನಿ” ಎಂದರು. ಇವರಿಗೆ ಮೊದಲ ಸೆಮಿಸ್ಟರಿನಿಂದ ವಿನಾಯಿತಿ ಕೊಡಬಹುದು.

ಸಂಧಿಯಲ್ಲಿ ನಮ್ಮ ವೈಯಾಕರಣ ಕೇಶಿರಾಜನಿಗೂ ಪ್ಯಾರಿಸ್ಸಿಗೂ ಜಗಳವೇ ಇಲ್ಲ. ‘ಲ’ ಮತ್ತು ‘ಓಂ’ ಸೇರಿ ‘ಲೋಂ’, ಅಂದರೆ ಮನುಷ್ಯ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’. ಎರಡೂ ಲೋಪಸಂಧಿ. ‘ಇಲ್ ಅ’ ಎಂಬುದನ್ನು ಪ್ರಶ್ನೆಗಾಗಿ ತಿರುವಿದಾಗ ಎರಡು ಸ್ವರ ಡಿಕ್ಕಿ ಹೊಡೆಯಬಾರದೆಂದು ನಡುವೆ ಒಂದು ತಕಾರ ತಂದು ‘ಅ-ತಿಲ್’ ಎನ್ನುತ್ತಾರೆ. ನಾವು ‘ಗುರು’ವಿಗೆ ‘ಅನ್ನು’ ಹಚ್ಚುವಾಗ ವಕಾರ ತರುತ್ತೇವೆ. ಎರಡೂ ಆಗಮಸಂಧಿ. ವ್ಯತ್ಯಾಸ ಒಂದೇ. ಲೋಪವಾದಲ್ಲಿ ಫ್ರೆಂಚರು ಅಕ್ಷರದ ತಲೆಯ ಮೇಲೊಂದು ಕೊಕ್ಕೆ ಹಾಕಿ ರಸೀದಿ ಕೊಡುತ್ತಾರೆ. ಡಂಬಳದವರು ‘ಬಂದಿದ್ದಾನೆ’ಯನ್ನು ‘ಬಂದಾನ’ ಮಾಡಿ, ನಡುವಿನದನ್ನೆಲ್ಲ ರಸೀದಿಯಿಲ್ಲದೆ ನುಂಗುತ್ತಾರೆ.

ಲಿಂಗದ ವಿಚಾರಕ್ಕೆ ಬಂದಾಗ ಕ್ಷೇತ್ರಕಾರ್ಯವನ್ನು ನಿಲ್ಲಿಸಬೇಕಾಯಿತು. ಕನ್ನಡದಲ್ಲಿ ಲಿಂಗ ಅರ್ಥವನ್ನು ನೋಡಿ ಬರುತ್ತದೆ: ಮನುಷ್ಯರಿಗೆ ಪುಲ್ಲಿಂಗ, ಸ್ತ್ರೀಲಿಂಗ, ಉಳಿದದ್ದಕ್ಕೆ ನಪುಂಸಕ. ಫ್ರೆಂಚಿನಲ್ಲಿ ನಪುಂಸಕವೇ ಇಲ್ಲದ ಕಾರಣ ಮೇಜು, ಕುರ್ಚಿಗಳೂ ಯಾವುದಾದರೂ ಒಂದು ಕಡೆ ಸೇರಲೇಬೇಕು. ಹಾಗೆ ಸೇರುವಾಗ ಗಡ್ಡ ಸ್ತ್ರೀಲಿಂಗ, ಮೀಸೆ ಸ್ತ್ರೀಲಿಂಗ, ಸೀರೆ ಪುಲ್ಲಿಂಗ ಆಗಿಬಿಟ್ಟಿವೆ. ಇದನ್ನು ಕೇಳಿದ ಹಿರಿಯರು ಚಾದ ಕಪ್ಪು ಕೆಳಗಿಟ್ಟು, “ಆ ಊರಾಗ ಕನ್ಯಾ ನೋಡಾಕ ಹೋದವರ ಗತಿ ಏನಪಾ?” ಎಂದರು. ಲಿಂಗವಿವಕ್ಷೆಯ ಭಾಗಕ್ಕೆ ಇದನ್ನೇ ಶಿರೋನಾಮೆ ಮಾಡಿದ್ದೇವೆ.

ಅಧ್ಯಾಯ 2: ನೋಟ್ಸ್ ಪರಂಪರೆ

ಆಧುನಿಕ ಭಾಷಾವಿಜ್ಞಾನದ ಮೂಲಪುರುಷ ಫೆರ್ದಿನಾಂ ದ ಸೊಸೂರ್. ಜಿನೀವಾದವನು, ಡಾಕ್ಟರೇಟಿಗೆ ಸಂಸ್ಕೃತದ ಷಷ್ಠೀ ವಿಭಕ್ತಿಯ ಮೇಲೆ ಬರೆದವನು, ಸಂಸ್ಕೃತ ಪಾಠ ಹೇಳಿದವನು. 1907ರಿಂದ 1911ರವರೆಗೆ ಮೂರು ಬಾರಿ ಸಾಮಾನ್ಯ ಭಾಷಾವಿಜ್ಞಾನದ ಪಾಠ ಮಾಡಿ, ಅದನ್ನು ಪುಸ್ತಕವಾಗಿ ಬರೆಯದೆ 1913ರಲ್ಲಿ ತೀರಿಕೊಂಡ. 1916ರಲ್ಲಿ ಅವನ ಹೆಸರಿನಲ್ಲಿ ಪುಸ್ತಕ ಬಂತು. ಅದನ್ನು ಕಟ್ಟಿದ್ದು ವಿದ್ಯಾರ್ಥಿಗಳ ನೋಟ್ಸಿನಿಂದ. ಕಟ್ಟಿದ ಬಯ್ಯಿ ಮತ್ತು ಸೆಶೆಹೇ ಎಂಬ ಇಬ್ಬರೂ ಆ ತರಗತಿಗಳಲ್ಲಿ ಕುಳಿತವರಲ್ಲ.

ಕ್ಲಾಸಿಗೆ ಹೋಗದವರು ಹೋದವರ ನೋಟ್ಸ್ ಪಡೆದು ಜಗತ್ಪ್ರಸಿದ್ಧರಾದ ಈ ಘಟನೆಯನ್ನು ನಮ್ಮ ವಿಶ್ವವಿದ್ಯಾಲಯಗಳ ಜೆರಾಕ್ಸ್ ಅಂಗಡಿಗಳು ಗೋಡೆಗೆ ಬರೆಸಿ ಹಾಕಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಅಲ್ಲಿ ನಿಲ್ಲುವ ಸಾಲು ಜಿನೀವಾ ಪಂಥದ ಕನ್ನಡ ಶಾಖೆ ಎಂಬುದು ನಮ್ಮ ವಿನಮ್ರ ನಿಲುವು. ಒಂದೇ ಕೊರತೆ: ನಮ್ಮ ನೋಟ್ಸ್ ಕಟ್ಟಿದರೆ ಸೊಸೂರ್ ಬರುವುದಿಲ್ಲ, ಗೈಡು ಬರುತ್ತದೆ.

ಅಧ್ಯಾಯ 3: ಸಾಹಿತ್ಯ

ಬೋದಿಲೇರನ ‘ಪಾಪದ ಹೂಗಳು’ ಪ್ರಕಟವಾದದ್ದು 1857ರಲ್ಲಿ. ಅದೇ ವರ್ಷ ಪ್ಯಾರಿಸ್ಸಿನ ನ್ಯಾಯಾಲಯ ಆರು ಕವಿತೆಗಳನ್ನು ತೆಗೆಸಿ ಕವಿಗೆ 300 ಫ್ರಾಂಕ್ ದಂಡ ಹಾಕಿತು. ಮರುವರ್ಷ, 1858ರಲ್ಲಿ, ಮುಂಡರಗಿ ಭೀಮರಾಯ ಬ್ರಿಟಿಷರ ಮೇಲೆ ಬಂಡೆದ್ದು ಡಂಬಳದ ಖಜಾನೆ ಲೂಟಿ ಮಾಡಿ, ಕೊಪ್ಪಳದ ಕೋಟೆ ಹಿಡಿದು ಅಲ್ಲಿ ವೀರಮರಣ ಹೊಂದಿದ. ದಂಡಕ್ಕೂ ಲೂಟಿಗೂ ಸಂಬಂಧವಿಲ್ಲ ಎನ್ನುವವರು ಅದನ್ನು ಸಾಧಿಸಿ ತೋರಿಸಲಿ. ಡಂಬಳದ ಬಳಿಯ ಕಪ್ಪತಗುಡ್ಡದ ಸುತ್ತಮುತ್ತ ಕ್ರಾಂತಿಗೆ ಫ್ರಾನ್ಸಿನ ಪ್ರೇರಣೆ ಬೇಕಿರಲಿಲ್ಲ ಎಂಬುದಂತೂ ನಿಶ್ಚಿತ.

ಬೋದಿಲೇರನನ್ನು ‘ಪಾಪದ ಹೂಗಳು’ ಎಂಬ ಹೆಸರಿನಲ್ಲೇ ಕನ್ನಡಕ್ಕೆ ತಂದವರು ಲಂಕೇಶ್. ಮೋಲಿಯೇರನ ಕಪಟ ಭಕ್ತ ತಾರ್ತ್ಯೂಫ್ ಎ.ಎನ್. ಮೂರ್ತಿರಾವ್ ಅವರ ಕೈಯಲ್ಲಿ ‘ಆಷಾಢಭೂತಿ’ಯಾದ. ಫ್ರಾನ್ಸಿನಲ್ಲಿ 1664ರಲ್ಲಿ ಆಡಿದೊಡನೆ ನಿಷೇಧವಾಗಿ, 1669ರಲ್ಲಿ ಬಿಡುಗಡೆ ಕಂಡ ಈ ಪಾತ್ರಕ್ಕೆ ಇಲ್ಲಿ ಪರಿಚಯಪತ್ರವೇ ಬೇಕಾಗಲಿಲ್ಲ. ನಮ್ಮಲ್ಲಿ ಅವನು ಮೊದಲಿನಿಂದಲೂ ಠಿಕಾಣಿ ಹೂಡಿದ್ದ. ಕಾರ್ನಾಡರ ‘ಯಯಾತಿ’ಯ ಹಿಂದೆ ಫ್ರೆಂಚ್ ನಾಟಕಕಾರ ಅನುಯ್ ಇದ್ದಾನೆ. ಫಸಲು ಕಡಿಮೆಯೇನಲ್ಲ. ಆದರೆ ಬಹುಪಾಲು ಫ್ರೆಂಚ್ ಸಾಹಿತ್ಯ ಕನ್ನಡಕ್ಕೆ ಬಂದದ್ದು ಇಂಗ್ಲಿಷಿನ ಹೆದ್ದಾರಿಯಲ್ಲಿ, ಇಂಗ್ಲಿಷಿನವರಿಗೆ ಟೋಲು ಕಟ್ಟಿ.

ಅಧ್ಯಾಯ 4: ಫ್ರೆಂಚ್ ಓದುವವರ ಪ್ರಭೇದಗಳು

ಗದಗದಲ್ಲಿ ವಿಶ್ವವಿದ್ಯಾಲಯವುಂಟು, ಅದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ. ಫ್ರೆಂಚಿನಲ್ಲಿ ಎಂ.ಎ. ಬೇಕೆಂದರೆ ಡಂಬಳದ ಹುಡುಗ ಬೆಂಗಳೂರಿಗೋ, ಹೈದರಾಬಾದಿನ ಇಫ್ಲು ವಿಶ್ವವಿದ್ಯಾಲಯಕ್ಕೋ, ಪುದುಚೇರಿಗೋ ಹೋಗಬೇಕು. ಅಲ್ಲಿ ಅವನಿಗೆ ಕಾಣಸಿಗುವ ಫ್ರೆಂಚ್ ಓದುವವರನ್ನು ಹೀಗೆ ವಿಂಗಡಿಸಬಹುದು.

ಅಂಕಾರ್ಥಿ: ಬೆಂಗಳೂರಿನ ಪಿಯುಸಿಯಲ್ಲಿ ಹೇರಳ. ಕನ್ನಡ ತೆಗೆದುಕೊಂಡರೆ ಅಂಕ ಕಡಿಮೆ ಬೀಳುತ್ತದೆಂದು ಮನೆಯವರು ಫ್ರೆಂಚ್ ಕೊಡಿಸಿರುತ್ತಾರೆ. ನೂರಕ್ಕೆ ತೊಂಬತ್ತೈದು ತೆಗೆದು, ಫಲಿತಾಂಶದ ಮರುದಿನ ‘ಬೊಂಜೂರ್’ ಒಂದನ್ನು ಬಿಟ್ಟು ಉಳಿದದ್ದನ್ನು ಮರೆಯುತ್ತಾನೆ. ಇವನು ಮುಂದಿನ ಪ್ರಭೇದಕ್ಕೆ ಬಡ್ತಿ ಪಡೆಯುವುದು ಅಪರೂಪ.

ವೀಸಾರ್ಥಿ: ಕೆನಡಾದ ವಲಸೆ ಲೆಕ್ಕದಲ್ಲಿ ಫ್ರೆಂಚಿಗೆ ಹೆಚ್ಚುವರಿ ಅಂಕವುಂಟು ಎಂಬುದರಿಂದ ಹುಟ್ಟಿದವನು. ಎ1, ಎ2, ಬಿ1, ಬಿ2 ಎಂದು ಪರೀಕ್ಷೆಗಳ ಮೆಟ್ಟಿಲು ಹತ್ತುತ್ತಾನೆ. ಮೆಟ್ಟಿಲು ಹತ್ತುವಾಗ ಇವನ ಕಣ್ಣು ವಿಮಾನದ ಮೇಲೆ.

ವೇತನಾರ್ಥಿ: ರಾತ್ರಿ ಪಾಳಿಯಲ್ಲಿ ಫ್ರೆಂಚ್ ಗ್ರಾಹಕರ ಬಿಲ್ಲು ಬಿಡಿಸಿ ಬಾಡಿಗೆ ಕಟ್ಟುವವನು. ಮೂವರಲ್ಲಿ ನಿಜಕ್ಕೂ ಫ್ರೆಂಚ್ ಮಾತಾಡುವವನು ಇವನೊಬ್ಬನೇ. ಆದ್ದರಿಂದ ವಿಚಾರಸಂಕಿರಣಗಳಿಗೆ ಇವನನ್ನು ಕರೆಯುವುದಿಲ್ಲ.

ವಿದ್ಯಾರ್ಥಿ: ಅಳಿವಿನ ಅಂಚಿನಲ್ಲಿರುವ ಪ್ರಭೇದ. ಭಾಷೆ ರುಚಿಸಿತೆಂದು ಓದುವವನು. ಇವನನ್ನು ಕಂಡರೆ ಮೇಲಿನ ಮೂವರೂ ಕೇಳುವುದು ಒಂದೇ ಮಾತು: “ಮುಂದೇನು?”

ಉಪಸಂಹಾರ ಮತ್ತು ಶಿಫಾರಸುಗಳು

ಜೂಲ್ ಬ್ಲಾಕ್ ಎಂಬ ಫ್ರೆಂಚ್ ವಿದ್ವಾಂಸ 1946ರಲ್ಲಿ ದ್ರಾವಿಡ ಭಾಷೆಗಳ ವ್ಯಾಕರಣ ರಚನೆಯನ್ನು ಕುರಿತು ಗ್ರಂಥ ಬರೆದ. ಅದನ್ನು ಪುಣೆಯಲ್ಲಿ 1954ರಲ್ಲಿ ಇಂಗ್ಲಿಷಿಗೆ ತಂದರು. ನಮ್ಮ ವ್ಯಾಕರಣದ ಬಗ್ಗೆ ಫ್ರೆಂಚನೊಬ್ಬ ಹೇಳಿದ್ದನ್ನು ನಾವು ಓದುವುದು ಇಂಗ್ಲಿಷಿನಲ್ಲಿ. ವಸೂಲಿಯ ಸಿದ್ಧಾಂತ ಮಂಡಿಸಿದ ಪ್ರಬಂಧಕ್ಕೆ ಇದು ಮುಜುಗರದ ಸಂಗತಿ. ಬಾಕಿ ಅವರ ಕಡೆಯದಲ್ಲ, ನಮ್ಮ ಕಡೆಯದು ಎಂದು ಲೆಕ್ಕಪುಸ್ತಕ ಹೇಳುತ್ತಿದೆ. ಆದ್ದರಿಂದ ಕೆಳಗಿನ ಶಿಫಾರಸುಗಳನ್ನು ವಿಶ್ವವಿದ್ಯಾಲಯಗಳ ಪರಿಶೀಲನೆಗೆ ಸಲ್ಲಿಸಲಾಗಿದೆ.

ಒಂದು: ಕರ್ನಾಟಕದಲ್ಲಿ ಫ್ರೆಂಚ್ ಎಂ.ಎ. ಓದುವ ಪ್ರತಿಯೊಬ್ಬರೂ ಪದವಿಗೆ ಮುನ್ನ ಫ್ರೆಂಚಿನಿಂದ ನೇರವಾಗಿ ಕನ್ನಡಕ್ಕೆ ಒಂದು ಕಥೆಯನ್ನಾದರೂ ತರಬೇಕು.

ಎರಡು: ಕನ್ನಡದಿಂದ ನೇರವಾಗಿ ಫ್ರೆಂಚಿಗೂ ಒಂದನ್ನು ಒಯ್ಯಬೇಕು. ಶುರುವಿಗೆ ಡಂಬಳದ 1095ರ ಶಾಸನವಾದರೂ ಸಾಕು.

ಮೂರು: ಇವೆರಡನ್ನೂ ಮಾಡಲಾಗದವರ ಅಂಕಪಟ್ಟಿಯಲ್ಲಿ ಎಷ್ಟೇ ಅಂಕವಿದ್ದರೂ, ಅವರಿಗೆ ಫ್ರೆಂಚ್ ಬರುತ್ತದೆಂದು ಯಾರೂ ನಂಬಬಾರದು.