ಮೂವತ್ತೆರಡು ಸಾವಿರದ ಸಾಹುಕಾರ

ಹುಣಸೂರು ಸೀಮೆಯ ಒಂದು ಮನೆ. ದೇವರ ಪಟದ ಹಿಂದೆ ಪ್ಲಾಸ್ಟಿಕ್ ಕವರು, ಅದರೊಳಗೆ ರೇಷನ್ ಕಾರ್ಡು, ಪಾಸ್‌ಬುಕ್ಕು. ನಡುವೆ ಲ್ಯಾಮಿನೇಷನ್ ಹೊದ್ದು ಮಲಗಿದ್ದ ಆದಾಯ ಪ್ರಮಾಣಪತ್ರವನ್ನು ಎಬ್ಬಿಸಿ ಮಾತಿಗೆಳೆದೆವು. ಮೂಲೆಯಲ್ಲಿ ಕುಂಕುಮದ ಕಲೆ, ಮೈತುಂಬ ಹೊಗೆಸೊಪ್ಪಿನ ವಾಸನೆ.

ತಮ್ಮ ಪರಿಚಯ?

— ಸದರಿ ಕುಟುಂಬದ ಎಲ್ಲ ಮೂಲಗಳ ವಾರ್ಷಿಕ ಆದಾಯ 32 ಸಾವಿರ ರೂಪಾಯಿ ಎಂದು ದೃಢೀಕರಿಸುವವನು. ಐದು ವರ್ಷ ಆಯಸ್ಸು.

ಅಂಗಳದಲ್ಲಿ ಟ್ರ್ಯಾಕ್ಟರ್ ಕಂಡೆವಲ್ಲ?

— ಅದು ಸಾಲದ್ದು. ಸಾಲ ಕೇಳುವಾಗ ಬ್ಯಾಂಕಿಗೆ ಹೇಳಿದ ಆದಾಯ ಬೇರೆ, ಸ್ವಲ್ಪ ದಪ್ಪಗಿತ್ತು. ಮಗಳ ಸ್ಕಾಲರ್‌ಶಿಪ್ಪಿಗೆ ನಾನು. ಬಿಪಿಎಲ್ ಕಾರ್ಡಿಗೆ 1.20 ಲಕ್ಷದೊಳಗೆ ಎಷ್ಟಾದರೂ ಸರಿ. ಮಗನಿಗೆ ಹೆಣ್ಣು ನೋಡಲು ಹೋದಾಗ ಎಂಟು ಲಕ್ಷ. ಇದರಲ್ಲಿ ನಿಜ ಯಾವುದು ಅಂತ ಮಾತ್ರ ಕೇಳಬೇಡಿ, ಮನೆಯವರಿಗೇ ಗೊತ್ತಿಲ್ಲ.

ಗೊತ್ತಿಲ್ಲ ಅಂದರೆ ಹೇಗೆ?

— ಒಂದನೇ ತಾರೀಕು ಬರೋ ಸಂಬಳವೇ ಸ್ವಾಮಿ ಇದು? ಹೊಗೆಸೊಪ್ಪು ಕಿತ್ತು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನಲ್ಲಿ ಬೇಯಿಸಿ, ಬೇಲ್ ಕಟ್ಟಿ, ಕಟ್ಟೆಮಳಲವಾಡಿ ಹರಾಜಿಗೆ ಹಾಕಿದ ಮೇಲೆ ದುಡ್ಡು ಖಾತೆಗೆ ಬೀಳುತ್ತದೆ. ಬಿದ್ದ ಸದ್ದು ಕೇಳುವಷ್ಟರಲ್ಲಿ ಬ್ಯಾಂಕು ಸಾಲಕ್ಕೆ ಮುರಿದುಕೊಂಡಿರುತ್ತದೆ. ಸೌದೆ, ಗೊಬ್ಬರ, ಆಳಿನ ಕೂಲಿ ಕಳೆಯಿರಿ. ರಾತ್ರಿಯೆಲ್ಲ ಬ್ಯಾರನ್ ಬೆಂಕಿ ಕಾದ ಮನೆಯೊಡತಿಯ ಕೂಲಿ? ಅದಕ್ಕೆ ಕಾಲಂ ಇಲ್ಲ. ಕೆ.ಆರ್. ನಗರದ ನಾಲೆ ಬಯಲಿನವನು ಮನೆಗೆಂದು ಎತ್ತಿಟ್ಟ ಭತ್ತ ಆದಾಯವೋ, ಊಟವೋ? 2023ರಲ್ಲಿ ಪಿರಿಯಾಪಟ್ಟಣದ ಶುಂಠಿ ಬೆಳೆಗಾರನ ಮನೆಯಲ್ಲಿ ಕೂತು ಲೆಕ್ಕ ಬರೆದಿದ್ದರೆ ತಾಲ್ಲೂಕೇ ಕುಬೇರ. ಬೆಲೆ ಬಿದ್ದ ಮೇಲೆ ಅದೇ ಮನೆಯಲ್ಲಿ ಒಡವೆ ಅಡವಿಗೆ ಹೋಗಿತ್ತು.

ಸರ್ಕಾರ ತಲಾ ಆದಾಯ ಪ್ರಕಟಿಸುತ್ತದಲ್ಲ?

— ಅದು ಜಿಲ್ಲೆಯ ಸರಾಸರಿ. ಮೈಸೂರು ನಗರ, ನಂಜನಗೂಡಿನ ಕಾರ್ಖಾನೆ, ಕಬಿನಿ ಹಿನ್ನೀರಿನ ರೆಸಾರ್ಟು ಎಲ್ಲವನ್ನೂ ಒಂದೇ ಹಂಡೆಗೆ ಸುರಿದು ತಲೆಗಿಷ್ಟು ಅಂತ ಬಡಿಸಿದ್ದು. ಎಚ್.ಡಿ. ಕೋಟೆಯ ಜೇನುಕುರುಬರ ಹಾಡಿಯ ಅಜ್ಜಿಗೂ ಒಂದು ಸೌಟು ಬಿದ್ದಿದೆ, ಕಾಗದದ ಮೇಲೆ. ಸಾಮಾನ್ಯ ಮನೆಯ ಆದಾಯ ತಿಳಿಯಬೇಕೆಂದರೆ ನಿಮಗೆ ಬೇಕಾದದ್ದು ಮಧ್ಯಾಂಕ. ತಾಲ್ಲೂಕಿನ ಮನೆಗಳನ್ನೆಲ್ಲ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿ, ನಟ್ಟನಡುವಿನವನನ್ನು ಕರೆದು ‘ನಿನ್ನದೆಷ್ಟಪ್ಪಾ?’ ಅನ್ನಬೇಕು. ರೆಸಾರ್ಟಿನವನು ಸಾಲಿನ ತುದಿಯಲ್ಲಿ ಎಷ್ಟೇ ಉಬ್ಬಿದರೂ ಈ ನಡುವಿನವನು ಕದಲುವುದಿಲ್ಲ.

ಯಾರೂ ಸಾಲು ನಿಲ್ಲಿಸಲಿಲ್ಲವೆ?

— 2011ರ ಸಾಮಾಜಿಕ, ಆರ್ಥಿಕ ಗಣತಿಯವರು ಬಂದಿದ್ದರು. ಮನೆಯಲ್ಲಿ ಹೆಚ್ಚು ದುಡಿಯುವವನ ತಿಂಗಳ ಆದಾಯಕ್ಕೆ ಮೂರೇ ಬುಟ್ಟಿ: 5 ಸಾವಿರದೊಳಗೆ, 5ರಿಂದ 10 ಸಾವಿರ, ಅದರ ಮೇಲೆ. ದೇಶದ ಹಳ್ಳಿಮನೆಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಮೊದಲ ಬುಟ್ಟಿಗೇ ಬಿದ್ದವು. ನಡುವಿನವನೂ ಅದರೊಳಗೇ ಇದ್ದಾನೆ. ತಳದಲ್ಲೋ, ಅಂಚಿನಲ್ಲೋ, ಕೈ ಹಾಕಿ ನೋಡಿದವರಿಲ್ಲ. ಅದಕ್ಕೂ ಹಿಂದೆ, 1950-60ರ ದಶಕಗಳಲ್ಲಿ, ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಆದಾಯ ಕೇಳಿ ನೋಡಿದ್ದರು. ಜನ ಹೇಳಿದ ಆದಾಯವು ಅವರ ಖರ್ಚು, ಉಳಿತಾಯ ಕೂಡಿದ್ದಕ್ಕಿಂತ ಕಡಿಮೆ ಬಂತು! ಆದಾಯದ ಉಸಾಬರಿ ಬಿಟ್ಟು ಖರ್ಚನ್ನೇ ಕೇಳಿಕೊಂಡು ಬಂದರು. ನಮ್ಮ ವಂಶ ಹಳೆಯದು ಸ್ವಾಮಿ.

ತಾಲ್ಲೂಕುಗಳ ಆದಾಯದ ಇಪ್ಪತ್ತು ವರ್ಷದ ಏರಿಳಿತ ಹೋಲಿಸಬಹುದೆ?

— ಯಾವ ಕೋಟೆಯನ್ನು ಯಾವ ಕೋಟೆಗೆ? ಎಚ್.ಡಿ. ಕೋಟೆಯಿಂದ ಸರಗೂರು ಬೇರೆ ತಾಲ್ಲೂಕಾಯಿತು. ಕೆ.ಆರ್. ನಗರದಿಂದ ಸಾಲಿಗ್ರಾಮ ಹೊರಟಿತು. ಮನೆಗಳೂ ಹಾಗೆಯೇ. ಗೃಹಲಕ್ಷ್ಮಿ ಯೋಜನೆಯ 2 ಸಾವಿರ ಮನೆಗೊಬ್ಬ ಯಜಮಾನಿಗೆ ಅಂದಮೇಲೆ ಅತ್ತೆಗೊಂದು, ಸೊಸೆಗೊಂದು ಕಾರ್ಡು ಬೇಡವೇ? ಒಲೆ ಮಾತ್ರ ಒಂದೇ. ಒಂದು ಮನೆ ಕಾಗದದಲ್ಲಿ ಎರಡಾದರೆ ಆದಾಯವೂ ಹೋಳಾಗುತ್ತದೆ. ಹೀಗೆ ಊರೂರೇ ಹೋಳಾದರೆ ಯಾರೂ ಬಡವರಾಗದೆ ಮಧ್ಯಾಂಕ ಕುಸಿಯುತ್ತದೆ, ದೂರದಲ್ಲಿ ಕೂತು ಲೆಕ್ಕ ನೋಡುವವರು ಬರ ಬಂತೆಂದು ಬೆಚ್ಚುತ್ತಾರೆ. ಇನ್ನು ಹಾಡಿಯವರು. ಎಣಿಸುವವರು ಬರುವ ಹೊತ್ತಿಗೆ ಅವರು ಜೀಪು ಹತ್ತಿ ಕೊಡಗಿನ ಕಾಫಿ ತೋಟ ಸೇರಿರುತ್ತಾರೆ. ಆ ಮನೆಯ ಆದಾಯವನ್ನು ಬಾಗಿಲ ಬೀಗವೇ ಹೇಳಬೇಕು.

(ಇಲ್ಲಿ ಪತ್ರ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾವೂ ಒತ್ತಾಯಿಸಲಿಲ್ಲ.)

2026ರಲ್ಲಿ ದೇಶಾದ್ಯಂತ ಕುಟುಂಬ ಆದಾಯದ ಸಮೀಕ್ಷೆ ಎಂದು ಕೇಂದ್ರ ಘೋಷಿಸಿದೆಯಲ್ಲ?

— ಹಾಗಿದ್ದರೆ ನಿಮ್ಮ ಓದುಗರಿಗೆ ಒಂದು ಮಾತು ಮುಟ್ಟಿಸಿ. ಸಮೀಕ್ಷೆಯವರು ಬಂದಾಗ ಹರಾಜಿನ ಚೀಟಿ, ಗೊಬ್ಬರದಂಗಡಿಯ ಬಾಕಿ ಪುಸ್ತಕ, ಒಡವೆ ಅಡವಿಟ್ಟ ರಸೀದಿ ತಂದು ತೋರಿಸಿ. ನನ್ನನ್ನು ಮಾತ್ರ ಪಟದ ಹಿಂದಿನಿಂದ ತೆಗೆಯಬೇಡಿ.