ಸೋರೆವಂದನೆ

ಅಪೊಸ್ತಲ ಪೌಲನು ಎಫೆಸದವರಿಗೆ ಬರೆದ ಪತ್ರದಲ್ಲಿ ಸಂಸಾರದೊಳಗೆ ಗಂಡನಿಗೆ ತಲೆಯ ಸ್ಥಾನ ಕೊಟ್ಟಿದ್ದಾನೆ. ಆ ಭಾಗ ಓದುವಾಗೆಲ್ಲ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕೂಡಲೇ ನನ್ನ ಹೆಂಡತಿ ಅದೇ ಪೌಲನು ಕೊರಿಂಥದವರಿಗೆ ಬರೆದ ಪತ್ರ ತೆಗೆದು, ಆತ ಹೆಂಡತಿಯಿಲ್ಲದ ಒಂಟಿ ಮನುಷ್ಯ ಎಂಬುದನ್ನು ಬೆರಳಿಟ್ಟು ತೋರಿಸುತ್ತಾಳೆ. "ಅನುಭವ ಇಲ್ಲದವರ ಮಾತು ರೀ, ಪಾಪ" ಎನ್ನುತ್ತಾಳೆ. ಅಲ್ಲಿಗೆ ತಲೆಯ ಕಥೆ ಮುಗಿಯಿತು.

ನಮ್ಮದು ಮೈಸೂರಿನ ಸಿ.ಎಸ್.ಐ. ಕುಟುಂಬ. ಅಮ್ಮ ವೆಸ್ಲಿಯನ್ ಮಿಷನ್ನಿನ ಪರಂಪರೆಯವರು, ಹೆಂಡತಿ ಉಡುಪಿ ಕಡೆಯ ಬಾಸೆಲ್ ಮಿಷನ್ನಿನ ಮನೆತನದವಳು. ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು ಎಲ್ಲ ಸೇರಿ ಸಿ.ಎಸ್.ಐ. ಎಂಬ ದಕ್ಷಿಣ ಭಾರತ ಸಭೆಯಾದದ್ದು 1947ರ ಸೆಪ್ಟೆಂಬರ್ 27ರಂದು, ಮದರಾಸಿನಲ್ಲಿ. ಅದರ ಮಾತುಕತೆ 1919ರಲ್ಲೇ ತರಂಗಂಬಾಡಿಯಲ್ಲಿ ಶುರುವಾಗಿತ್ತು. ಅಂದರೆ ದೇವರ ಮನೆಯವರೇ ಒಂದಾಗಲು 28 ವರ್ಷ ತೆಗೆದುಕೊಂಡರು. ಸಾರಿಗೆ ತೆಂಗಿನಕಾಯಿ ಎಷ್ಟು ಹಾಕಬೇಕು ಎಂಬ ಬಗ್ಗೆ ನಮ್ಮ ಅಡುಗೆಮನೆಯ ಅತ್ತೆ ಸೊಸೆಯರ ನಡುವಿನ ಮಾತುಕತೆಗೆ ಅಷ್ಟು ವಯಸ್ಸಾಗಿಲ್ಲ. ಅವಸರಪಡಿಸುವುದು ಸರಿಯಲ್ಲವೆಂದು ನಾನು ಸುಮ್ಮನಿದ್ದೇನೆ.

ಮನೆಯಲ್ಲಿ ಎಲ್ಲರೂ ಒಪ್ಪಿದ ವಿಷಯ ಒಂದೇ, ಸಂಜೆಯ ಕುಟುಂಬ ಪ್ರಾರ್ಥನೆ. ಆರೂವರೆಗೆ ಸರಿಯಾಗಿ ಅಮ್ಮ ಕನ್ನಡಕದ ಡಬ್ಬಿಯನ್ನು ಟಪ್ಪೆಂದು ಮುಚ್ಚುತ್ತಾರೆ. ಅದೇ ನಮ್ಮ ಮನೆಯ ದೇವಾಲಯದ ಗಂಟೆ. ಬೈಬಲ್ ಓದುವುದು ಒಬ್ಬೊಬ್ಬರ ಸರದಿ. ಎಂಟನೇ ಕ್ಲಾಸಿನ ಮಗನ ಸರದಿ ಬಂದರೆ ಅವನು ಆರಿಸುವುದು 117ನೆಯ ಕೀರ್ತನೆಯನ್ನೇ. ಅದರಲ್ಲಿರುವುದು ಎರಡು ವಚನ. ಸಂಡೇ ಸ್ಕೂಲಿನಲ್ಲಿ ಬಾಯಿಪಾಠದ ವಚನ ಕೇಳಿದಾಗಲೂ ಅವನು ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದ 35ನೆಯ ವಚನ ಹೇಳಿ ಕೂತುಬಿಟ್ಟವನು. ಉಸಿರು ಬಿಡುವಷ್ಟರಲ್ಲಿ ಮುಗಿಯುವ ವಚನ ಅದು. ಇಡೀ ಬೈಬಲ್ಲಿನಲ್ಲಿ ಚಿಕ್ಕದನ್ನೆಲ್ಲ ಹುಡುಕಿ ಇಟ್ಟುಕೊಂಡಿರುವ ಅವನ ಅಧ್ಯಯನವನ್ನು ನಾನು ಒಳಗೊಳಗೇ ಮೆಚ್ಚುತ್ತೇನೆ. ಆದರೆ ಅಮ್ಮನಿಗೂ ಬೈಬಲ್ ಗೊತ್ತು. ಯಾರಾದರೂ ಎದುರುತ್ತರ ಕೊಟ್ಟ ದಿನ ಅವರು ತಮ್ಮ ಸರದಿಗೆ 119ನೆಯ ಕೀರ್ತನೆ ತೆಗೆಯುತ್ತಾರೆ. ಅದಕ್ಕೆ 176 ವಚನ. ಬೆತ್ತ ಹಿಡಿಯದೆ ಮಕ್ಕಳನ್ನು ತಿದ್ದುವ ದಾರಿ ಇದಕ್ಕಿಂತ ಬೇರೆ ಬೇಕೆ?

ಓದಿದ ಮೇಲೆ ಪ್ರಾರ್ಥನೆ. ಅಮ್ಮನ ಪ್ರಾರ್ಥನೆಗೊಂದು ಕ್ರಮವಿದೆ. ಮೊದಲು ಲೋಕ, ಆಮೇಲೆ ದೇಶ, ರಾಜ್ಯ, ಮೈಸೂರು, ನಮ್ಮ ಬೀದಿ, ಕಡೆಗೆ ಮನೆ. ಅಡುಗೆಮನೆಯಲ್ಲಿ ಕುಕ್ಕರ್ ಮೂರನೇ ಸೀಟಿ ಹೊಡೆಯುವ ಹೊತ್ತಿಗೆ ಅವರು ಇನ್ನೂ ರಾಜ್ಯದಲ್ಲಿರುತ್ತಾರೆ. ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡೇ ಎದ್ದು, ಗೋಡೆ ತಡವಿಕೊಂಡು ಹೋಗಿ, ಗ್ಯಾಸ್ ಆರಿಸಿ, ಬಂದು ಮತ್ತೆ ಮೊಣಕಾಲೂರುತ್ತಾಳೆ. ಅವಳು ಹೋಗಿಬಂದದ್ದು ದೇವರನ್ನು ಬಿಟ್ಟರೆ ಕಣ್ಣು ಬಿಟ್ಟುಕೊಂಡಿದ್ದ ನನ್ನ ಮಗನಿಗೆ ಮಾತ್ರ ಗೊತ್ತು. ಅವನು ಕಣ್ಣು ಬಿಟ್ಟದ್ದು ನಿಮಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಪ್ರಾರ್ಥನೆ ಮನೆಗೆ ಬಂದು ಮುಟ್ಟಿದಾಗ ಅಮ್ಮನ ದನಿ ತಗ್ಗುತ್ತದೆ: "ಕರ್ತನೇ, ಈ ಮನೆಯಲ್ಲಿ ನಿನ್ನ ಸನ್ನಿಧಿ ಬಿಟ್ಟು ತಾರಸಿಯ ಕಡೆ ಮನಸ್ಸು ಕೊಡುವ ಒಬ್ಬನಿದ್ದಾನೆ. ಅವನ ಹೆಸರು ನಿನಗೆ ಗೊತ್ತು." ದೇವರಿಗೆ ಮಾತ್ರವಲ್ಲ, ಪಕ್ಕದ ಮನೆಯವರಿಗೂ ಗೊತ್ತು.

ತಾರಸಿಯಲ್ಲಿ ನಾನು ಸೋರೆ ಬೆಳೆಯುತ್ತೇನೆ. ಬದನೆ, ಟೊಮ್ಯಾಟೊ, ಹೀರೆ ಎಲ್ಲ ಇದ್ದರೂ ನನ್ನ ಜೀವವೆಲ್ಲ ಸೋರೆಯ ಮೇಲೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕೊಟ್ಟ ಅರ್ಕಾ ಬಹಾರ್ ತಳಿ. ದೊಡ್ಡ ಡ್ರಮ್ಮಿನಲ್ಲಿ ಬೇರು, ಹಳೆಯ ನೈಲಾನ್ ಹಗ್ಗದ ಚಪ್ಪರದ ಮೇಲೆ ಬಳ್ಳಿ. ಇದರ ಸಮಸ್ಯೆ ಏನೆಂದರೆ ಸೋರೆಯ ಹೂವು ಅರಳುವುದು ಸಂಜೆ. ಹೊತ್ತು ಇಳಿಯುವಾಗ ಬೆಳ್ಳಗೆ ಬಿಚ್ಚಿಕೊಂಡು ಮರುದಿನ ಬಿಸಿಲೇರುವಷ್ಟರಲ್ಲಿ ಮುದುಡಿಬಿಡುತ್ತದೆ. ಕಾಡಿನಲ್ಲೋ ಹೊಲದಲ್ಲೋ ಆದರೆ ರಾತ್ರಿಯ ಪತಂಗಗಳು ಬಂದು ಪರಾಗಸ್ಪರ್ಶ ಮಾಡಿಕೊಡುತ್ತವೆ. ಮೂರನೇ ಮಹಡಿಯ ಸಿಮೆಂಟಿಗೆ ಯಾವ ಪತಂಗ ಬರಬೇಕು? ಹಾಗಾಗಿ ಪತಂಗದ ಕೆಲಸವೂ ಮನೆಯ ಯಜಮಾನನದೇ.

ಮಾಡುವುದು ಹೀಗೆ. ಉದ್ದ ತೆಳು ತೊಟ್ಟಿನ ತುದಿಯಲ್ಲಿ ಬಿಡುವುದು ಗಂಡು ಹೂವು. ಹೂವಿನ ಕೆಳಗೆ ಬೆರಳುದ್ದದ, ನವಿರು ಕೂದಲಿನ ಪುಟ್ಟ ಸೋರೆಕಾಯಿ ಆಗಲೇ ಅಂಟಿಕೊಂಡಿದ್ದರೆ ಅದು ಹೆಣ್ಣು. ಗಂಡು ಹೂವನ್ನು ಕಿತ್ತು, ಅದರ ಎಸಳನ್ನೆಲ್ಲ ಬಿಡಿಸಿ, ನಡುವೆ ಉಳಿದ ಕೇಸರವನ್ನು ಹೆಣ್ಣು ಹೂವಿನ ಒಳಗೆ ಮೆತ್ತಗೆ ತಿರುಗಿಸಬೇಕು. ಬಳ್ಳಿಯಲ್ಲಿ ಗಂಡು ಹೂಗಳದ್ದೇ ಸಂತೆ. ಹೆಣ್ಣು ಹೂವು ಅಪರೂಪ. ಅದು ಅರಳಿದ ಸಂಜೆ ತಪ್ಪಿಸಿದರೆ ಪುಟ್ಟ ಕಾಯಿ ಹಳದಿಯಾಗಿ ಉದುರುತ್ತದೆ. ಅರಳುವ ಹೊತ್ತು ಯಾವುದು ಅಂದಿರಿ? ಕನ್ನಡಕದ ಡಬ್ಬಿ ಟಪ್ಪೆನ್ನುವ ಹೊತ್ತು.

ಪಕ್ಕದ ತಾರಸಿಯಲ್ಲಿ ಅದೇ ಸಮಯಕ್ಕೆ ರಾಯರು ಪಂಚಪಾತ್ರೆ ಉದ್ಧರಣೆ ಹಿಡಿದು ಪಶ್ಚಿಮಕ್ಕೆ ಮುಖ ಮಾಡಿ ನಿಂತಿರುತ್ತಾರೆ. ಅವರದು ಸಂಧ್ಯಾವಂದನೆ, ನನ್ನದು ಸೋರೆವಂದನೆ. ಇಬ್ಬರೂ ಪರಸ್ಪರ ಮಾತಾಡಿಸುವುದಿಲ್ಲ. ಅವರ ಅರ್ಘ್ಯ ಮುಗಿದು, ನನ್ನ ಹೂವು ಮುಗಿದ ಮೇಲೆ, "ಕಚ್ಚಿತೇ?" ಎಂದು ಅವರು ಕೇಳುವುದು, "ನಾಳೆ ಗೊತ್ತಾಗತ್ತೆ" ಎಂದು ನಾನು ಹೇಳುವುದು, ಅಷ್ಟೇ. ಸರ್ವಧರ್ಮ ಸಮನ್ವಯದ ಬಗ್ಗೆ ನಡೆಯುವ ವಿಚಾರಸಂಕಿರಣಗಳಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇತ್ಯರ್ಥವಾದದ್ದನ್ನು ನಾನು ಕಂಡಿಲ್ಲ.

ಒಂದು ಸಂಜೆ ಹೆಂಡತಿ ಮೆಟ್ಟಿಲ ಬಳಿ ಬಂದು ನಿಂತಳು. "ಯೋನನ ಪುಸ್ತಕ ಓದಿದ್ದೀರಾ?" ಅಂದಳು. ನಾಲ್ಕೇ ಅಧ್ಯಾಯದ ಪುಸ್ತಕ; ನನ್ನ ಮಗನೂ ಓದಿದ್ದಾನೆ. ಯೋನನೆಂದರೆ ಎಲ್ಲರಿಗೂ ಮೀನು ನೆನಪಾಗುತ್ತದೆ. ಆದರೆ ಕಡೆಯ ಅಧ್ಯಾಯದಲ್ಲಿ ಬರುವುದು ಸೋರೆಗಿಡ. ದೇವರು ನಿನೆವೆ ಪಟ್ಟಣವನ್ನು ಕ್ಷಮಿಸಿದನೆಂದು ಯೋನನಿಗೆ ಸಿಟ್ಟು. ಅವನು ಊರ ಹೊರಗೆ ಮುನಿಸಿಕೊಂಡು ಕೂತಾಗ ದೇವರು ನೆರಳಿಗೆಂದು ಒಂದು ಸೋರೆ ಹಬ್ಬಿಸಿದ. ಮರುದಿನ ಬೆಳಗಿನ ಜಾವ ಹುಳು ಬಿಟ್ಟು ಅದನ್ನು ಒಣಗಿಸಿದ. ಯೋನನಿಗೆ ಊರಿನ ಚಿಂತೆಯಿಲ್ಲ, ಬಳ್ಳಿ ಹೋಯಿತೆಂಬುದೇ ಸಂಕಟ.

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಎಂದೆ. "ಯೋನ ಆ ಗಿಡಕ್ಕೆ ಒಂದು ಚೊಂಬು ನೀರೂ ಹಾಕಿರಲಿಲ್ಲ. ದೇವರು ಅವನನ್ನು ತರಾಟೆಗೆ ತೆಗೆದುಕೊಂಡದ್ದು ಅದಕ್ಕೇ. ನಾನು ಎರೆಗೊಬ್ಬರ ತಂದಿದ್ದೇನೆ, ಬೇವಿನಹಿಂಡಿ ಹಾಕಿದ್ದೇನೆ, ಬಕೆಟ್ ಹೊತ್ತಿದ್ದೇನೆ."

"ಗಿಡದ ಲೆಕ್ಕ ಆಯಿತು. ನಿನೆವೆ?"

"ಇಲ್ಲಿ ಎಲ್ಲಿದೆ ನಿನೆವೆ?"

"ಕೆಳಗೆ ಗಣಿತದ ಪುಸ್ತಕ ಹಿಡಿದು ಕೂತಿದೆ."

ನಿನೆವೆಯಲ್ಲಿ ಬಲಗೈ ಎಡಗೈ ವ್ಯತ್ಯಾಸ ತಿಳಿಯದವರೇ 1,20,000ಕ್ಕೂ ಹೆಚ್ಚು ಮಂದಿ ಇದ್ದರೆಂದು ಆ ಪುಸ್ತಕವೇ ಹೇಳುತ್ತದೆ. ನಮ್ಮ ನಿನೆವೆಗೆ ಸಮೀಕರಣದಲ್ಲಿ ಎಡಗಡೆಯದು ಬಲಗಡೆಗೆ ಬಂದರೆ ಚಿಹ್ನೆ ಬದಲಾಗಬೇಕೆಂಬುದು ತಿಳಿದಿರಲಿಲ್ಲ. ಹೆಂಗಸರ ಫೆಲೋಶಿಪ್ಪಿನಲ್ಲಿ ವಾರವಾರ ಬೈಬಲ್ ಅಧ್ಯಯನ ಮಾಡುವವಳನ್ನು ಮದುವೆಯಾದವರು ವಾದಕ್ಕೆ ನಿಲ್ಲಬಾರದು.

ಸೋರೆ ಬಿಟ್ಟು ಕುಂಬಳ ಹಾಕಿ ಎಂಬ ಸಲಹೆಯೂ ಬಂತು. ಕುಂಬಳದ ಹೂವು ಅರಳುವುದು ಬೆಳಗ್ಗೆ. ಹಾಗೆ ಮಾಡಿದ್ದರೆ ಸಂಜೆಯ ಪ್ರಾರ್ಥನೆ ಉಳಿದು, ಭಾನುವಾರದ ಆರಾಧನೆ ಕೈತಪ್ಪುತ್ತಿತ್ತು. ಕಡೆಗೆ ತೀರ್ಪು ಕೊಟ್ಟವರು ಅಮ್ಮ: "ಓದುವ ಸರದಿ ಇಲ್ಲದ ಮಗು ಮೇಲೆ ಹೋಗಿ ಹೂವು ನೋಡಲಿ. ನೀನು ಕೆಳಗೆ ಕೂರು." ಶಿಕ್ಷೆಯೆಂದು ಹೇಳಿದ ಮಾತು. ತಾರಸಿಗೆ ಹೋದರೆ ಅಮ್ಮನ ಪ್ರಾರ್ಥನೆಯಲ್ಲಿ ಲೋಕ, ದೇಶ, ರಾಜ್ಯ ಮೂರೂ ತಪ್ಪುತ್ತವೆ ಎಂಬುದನ್ನು ನನ್ನ ಮಗ ಮೊದಲ ಸಂಜೆಯೇ ಕಂಡುಕೊಂಡ. ಈಗ ಅವನಷ್ಟು ನಿಷ್ಠಾವಂತ ಪತಂಗ ಮೈಸೂರಿನಲ್ಲಿಲ್ಲ. ಪಿಯುಸಿ ಓದುವ ಮಗಳಿಗೆ ಅನ್ಯಾಯವೆನಿಸಿ, "ಪಪ್ಪಾ, ಬಯಾಲಜಿ ಓದ್ತಿರೋದು ನಾನು. ಅವನಿಗೆ ಕೇಸರ ಯಾವುದು ಶಲಾಕೆ ಯಾವುದು ಗೊತ್ತಿಲ್ಲ" ಎಂದು ಮನವಿ ಸಲ್ಲಿಸಿದಳು. ಈಗ ಓದುವುದಕ್ಕಲ್ಲ, ಹೂವಿಗೆ ಸರದಿ ಪಟ್ಟಿ ಇದೆ. ನಿನೆವೆಯೇ ತಾರಸಿ ಹತ್ತಿತು. ಕೆಳಗೆ ಕಣ್ಣು ಮುಚ್ಚಿ ಕೂತ ನಾನು ಮೇಲಿನ ಹೆಜ್ಜೆ ಸದ್ದು ಕೇಳುತ್ತಾ, ಹೆಣ್ಣು ಹೂವಿನ ಬಗ್ಗೆ ಶ್ರದ್ಧೆಯಿಂದ ಪ್ರಾರ್ಥಿಸುತ್ತೇನೆ.

ನನಗೆ ಇನ್ನೊಂದು ಹವ್ಯಾಸ, ಕ್ವಾಯರಿನಲ್ಲಿ ಬೇಸ್ ಹಾಡುವುದು. ನಾಲ್ಕು ಸ್ವರಭಾಗಗಳ ಹಾಡಿನಲ್ಲಿ ರಾಗವೆಲ್ಲ ಸೊಪ್ರಾನೋದವರ ಪಾಲು. ಬೇಸಿನವರಿಗೆ ಸಿಗುವುದು ಅಡಿಪಾಯ. ಮನೆಯಲ್ಲಿ ನಾನೊಬ್ಬನೇ ಅಭ್ಯಾಸ ಮಾಡಿದರೆ ಅದು ಯಾವ ಹಾಡೆಂದು ಹುಟ್ಟಿದಾಗಿನಿಂದ ಹಾಡುಪುಸ್ತಕ ಹಿಡಿದವರಿಗೂ ತಿಳಿಯುವುದಿಲ್ಲ. ಮನೆಯವರು ಈ ಹವ್ಯಾಸವನ್ನು ಸಹಿಸಿಕೊಂಡಿದ್ದಾರೆ, ಏಕೆಂದರೆ ಅದಕ್ಕೆ ನೀರು ಹಾಕಬೇಕಾಗಿಲ್ಲ.

ಸೋರೆಯ ಇಷ್ಟೆಲ್ಲ ಪಾಡು ಸುಗ್ಗಿ ಹಬ್ಬಕ್ಕಾಗಿ. ಚರ್ಚಿನಲ್ಲಿ ಬೆಳೆಯ ಕೃತಜ್ಞತೆಯ ಆರಾಧನೆಯನ್ನು ಈಗಿನ ರೂಪಕ್ಕೆ ತಂದವನೆಂದು ಹೆಸರಾದವನು ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಪಾದ್ರಿ ರಾಬರ್ಟ್ ಸ್ಟೀಫನ್ ಹಾಕರ್, 1843ರಲ್ಲಿ. ಭಾನುವಾರ ಇಲಿ ಹಿಡಿಯಿತೆಂದು ಈತ ತನ್ನ ಬೆಕ್ಕನ್ನೇ ಸಭೆಯಿಂದ ಬಹಿಷ್ಕರಿಸಿದನೆಂಬ ಕಥೆಯೂ ಇದೆ. ಭಾನುವಾರ ಸಂಜೆಯ ನನ್ನ ಸೋರೆವಂದನೆಯನ್ನು ಕಂಡಿದ್ದರೆ ನನ್ನ ಗತಿ ಏನಾಗುತ್ತಿತ್ತೋ.

ನಮ್ಮ ಸಭೆಯಲ್ಲಿ ಅಂದು ಕಬ್ಬಿನ ಜಲ್ಲೆ, ಬಾಳೆಗೊನೆ, ನಾಟಿ ಕೋಳಿ, ಮೊಟ್ಟೆ, ಮನೆಯಲ್ಲಿ ಮಾಡಿದ ಕೇಕು ಎಲ್ಲವನ್ನೂ ವೇದಿಯ ಮುಂದೆ ತಂದಿಡುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಇಲ್ಲಿಯ ಬೆಲೆಗೂ ದೇವರಾಜ ಮಾರುಕಟ್ಟೆಯ ಬೆಲೆಗೂ ನೆಂಟಸ್ತಿಕೆಯಿಲ್ಲ. ಕೊಂಡವರು ಅದನ್ನೇ ಸಭೆಗೆ ಮರಳಿ ಕೊಟ್ಟು ಎರಡನೇ ಸಲ ಹರಾಜು ಹಾಕಿಸುವುದೂ ಉಂಟು. ಕಳೆದ ಹಬ್ಬದಲ್ಲಿ ನನ್ನ ಸೋರೆಕಾಯಿ ಮೇಜಿನ ಮೇಲೆ ಬಂದಾಗ ಮುಂದಿನ ಕುರ್ಚಿಯಿಂದ ಅಮ್ಮ 100 ರೂಪಾಯಿ ಎಂದರು. ಅವರಿಗೆ ಕಡಲೆಬೇಳೆ ಹಾಕಿ ಕೂಟು ಮಾಡಬೇಕಿತ್ತು. ಬಿರಿಯಾನಿ ಅಂಗಡಿಯ ಹತ್ತಿರದಿಂದ ನನ್ನ ಹೆಂಡತಿ 150 ಎಂದಳು; ಅವಳಿಗೆ ಒಣ ಸಿಗಡಿ ಹಾಕಿ ಪದಾರ್ಥ ಮಾಡಬೇಕಿತ್ತು. 200. 250. ಹರಾಜು ಕೂಗುವ ಹಿರಿಯರಿಗೆ ಇಂಥ ಭಾಗ್ಯ ವರ್ಷಕ್ಕೊಮ್ಮೆಯೂ ಸಿಗುವುದಿಲ್ಲ. ಎರಡೂ ಪರ್ಸಿಗೆ ದುಡ್ಡು ಬರುವುದು ಒಂದೇ ಸಂಬಳದಿಂದ ಎಂಬುದು ಗೊತ್ತಿದ್ದವನು ನಾನೊಬ್ಬ. ಅತಿಥಿಯಾಗಿ ಬಂದಿದ್ದ ರಾಯರು ನನ್ನ ಮುಖ ನೋಡಿ ಕನಿಕರಪಟ್ಟು 400 ಎಂದು ಕೂಗಿ ಜಗಳ ಮುಗಿಸಿದರು. ಮುಗಿಸಿ, ಪದ್ಧತಿಯಂತೆ ಕಾಯಿಯನ್ನು ಸಭೆಗೇ ಮರಳಿ ಕೊಟ್ಟರು!

"ಒಂದು ಸಾರಿ..." ಮತ್ತೆ ಶುರುವಾಯಿತು. ಈ ಸಲ ಅಮ್ಮ ಹಿಂದಿರುಗಿ ಸೊಸೆಯನ್ನು ನೋಡಿದರು. "ಅರ್ಧ ನಿಂದು, ಅರ್ಧ ನಂದು ಕಣಮ್ಮ" ಎಂದರು. "ಆಗಲಿ ಅತ್ತೆ" ಎಂದಳು. ಇಬ್ಬರೂ ಸೇರಿ 500 ರೂಪಾಯಿಗೆ ನನ್ನ ಸೋರೆಕಾಯಿಯನ್ನು ನನಗೇ ಕೊಡಿಸಿದರು.

ಈ ಸಲದ ಸುಗ್ಗಿ ಹಬ್ಬಕ್ಕೆ ನೀವೂ ಬನ್ನಿ. ಹರಾಜಿನಲ್ಲಿ ಯಾರೂ ನಿಮ್ಮ ಮತ ಕೇಳುವುದಿಲ್ಲ, ಮೊತ್ತ ಕೇಳುತ್ತಾರೆ. ಬಿರಿಯಾನಿ ಬೇಗ ಮುಗಿಯುತ್ತದೆ, ಮೊದಲು ಅದನ್ನು ಕೊಂಡುಬಿಡಿ. ಬೇಸಿನವರ ಹಾಡು ಕೇಳಿಸದಿದ್ದರೆ ಬೇಸರಪಡಬೇಡಿ. ಸೋರೆಕಾಯಿ ಮೇಜಿಗೆ ಬಂದಾಗ ಮಾತ್ರ ಧಾರಾಳವಾಗಿ ಕೂಗಿ, ಗೆದ್ದರೆ ದಯವಿಟ್ಟು ಮನೆಗೆ ತೆಗೆದುಕೊಂಡು ಹೋಗಿ. ಮರಳಿ ಕೊಡಬೇಡಿ.